ರೊಟ್ಟಿ ಕೈಗೆ ಬಂದ ಮೇಲೆ ಸೂಜಿ

ಮುದುಕಿಯ ಅಂಗಾಲಿನಲ್ಲಿ ಕೌದಿ ಹೊಲಿಯುವ ಸೂಜಿಯ ತುಂಡೊಂದು ಮುರಿದು ಕೂತಿತ್ತು. ಯಾವಾಗ ಚುಚ್ಚಿತು ಎಂದು ಕೇಳಿದರೆ ಅವಳು ನನ್ನ ಮುಖವನ್ನೇ ನೋಡಿದಳು.

"ಯಾವ ಸೂಜಿ ಬಾಯಾರ?"

ಚಿಮಟದಿಂದ ಎಳೆದು, ಕೀವು ಒರೆಸಿ, ಕಣ್ಣೆದುರು ಹಿಡಿದೆ. "ಅಯ್ಯ ಶಿವನ, ಇದು ನಂದ! ಎಲ್ಲಿ ಮುರಿದು ಬಿತ್ತಪಾ ಅಂತ ಹುಡುಕಿ ಹುಡುಕಿ ಸಾಕಾಗಿತ್ತು" ಎಂದು ಕೈಚಾಚಿದಳು. ಬೆಂಚಿನ ಮೇಲೆ ಕೂತಿದ್ದ ರೋಗಿಗಳು ನಕ್ಕರು. ನನಗೆ ನಗು ಬರಲಿಲ್ಲ. ಉಕ್ಕಿನ ತುಂಡು ಮಾಂಸದೊಳಗೆ ಹೊಕ್ಕು, ಅದರ ಮೇಲೇ ಊರೆಲ್ಲ ನಡೆದಾಡಿದರೂ ನೋವು ಗೊತ್ತಾಗದ ಕಾಲು ಎಂದರೆ ಅದು ಅರ್ಧ ಸತ್ತ ಕಾಲು. ಹೆಬ್ಬೆರಳಿನ ಬುಡದಲ್ಲಿ ಇನ್ನೊಂದು ಹಳೆಯ ಹುಣ್ಣಿತ್ತು. ಅದರ ಸುತ್ತ ಬರೆ ಎಳೆದ ಕಪ್ಪು ಗುರುತುಗಳಿದ್ದವು.

ಅದು ದೊಡ್ಡ ಯುದ್ಧದ ಕಾಲ. ರಾಯಚೂರು ಸ್ಟೇಷನ್ನಿಗೆ ಸಮೀಪ ಕೆಲವು ವರ್ತಕರು ಸೇರಿ ನಡೆಸುತ್ತಿದ್ದ ಧರ್ಮದ ದವಾಖಾನೆಯಲ್ಲಿ ನಾನು ನರ್ಸು; ಜನ ಕರೆಯುತ್ತಿದ್ದದ್ದು ಬಾಯಾರು ಎಂದು. ಒಬ್ಬ ಡಾಕ್ಟರು, ಒಬ್ಬ ಕಂಪೌಂಡರು, ನಾನು. ರೈಲಿಗೆ ಬಂದವರು, ರೈಲು ತಪ್ಪಿದವರು, ಹೋಗುವ ಊರೇ ಇಲ್ಲದವರು ಎಲ್ಲರೂ ನಮ್ಮ ಬಾಗಿಲಿಗೇ ಬರುತ್ತಿದ್ದರು. ಈ ಮುದುಕಿ ಟಾಂಗಾ ನಿಲ್ಲುವ ತಗಡಿನ ಚಪ್ಪರದ ಒಂದು ಮೂಲೆಯಲ್ಲಿ ಕೌದಿ ಹಾಸಿಕೊಂಡು ಮಲಗುವವಳು. ಹಗಲು ಓಣಿ ಓಣಿ ತಿರುಗಿ ರೊಟ್ಟಿ ಬೇಡುತ್ತಿದ್ದಳು. ಯಾರಾದರೂ ಹಳೆಯ ಸೀರೆ ಕೊಟ್ಟರೆ ಕೌದಿ ಹೊಲಿದು ಕೊಡುತ್ತಿದ್ದಳು.

"ನೀರಡಿಕಿ ಭಾಳ ಏನ ಯವ್ವಾ?" ಎಂದೆ.

"ನೀರಡಿಕಿ ಏನ ಕೇಳ್ತೀರಿ, ಬಾವಿ ಕುಡದ್ರೂ ಸಾಲೂದಿಲ್ಲ. ಮತ್ತ ನಾ ಕುಂತು ಎದ್ದಲ್ಲಿ ಇರುವಿ ಸಾಲು ಹಚ್ಚತಾವ್ರಿ. ನಮ್ಮೂರಾಗ ಇದಕ್ಕ ನಗತಿದ್ರು."

ಇರುವೆಗಳೇ ಹೇಳಿದ ಮೇಲೆ ಪರೀಕ್ಷೆ ಯಾತಕ್ಕೆ? ಆದರೂ ಮಾಡಿದೆ. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ಮೂತ್ರದ ಕೆಲವು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಿದೆ. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯಬೇಕು. ಸ್ವಲ್ಪ ಇದ್ದರೆ ಹಸಿರು, ಹೆಚ್ಚಿದ್ದರೆ ಹಳದಿ. ಅವಳದು ಒಂದು ಕುದಿ ಬರುವುದರೊಳಗೆ ಇಟ್ಟಂಗಿ ಕೆಂಪಾಯಿತು. ಡಾಕ್ಟರು ನಳಿಗೆಯನ್ನು ಬೆಳಕಿಗೆ ಹಿಡಿದು, "ಸಕ್ರಿ ಬ್ಯಾನಿ. ಇನ್ಸುಲಿನ್ ಹಾಕ್ಲಾರದ ಈ ಹುಣ್ಣು ಮಾಯೂದಿಲ್ಲ" ಎಂದರು. ಆಮೇಲೆ ಪಥ್ಯ ಹೇಳಿದರು. ಹಾಲು, ತತ್ತಿ, ಕಾಯಿಪಲ್ಯ, ಗೋಧಿ ಚಪಾತಿ. ಅನ್ನ ಬೇಡ, ಬೆಲ್ಲ ಬೇಡ, ಹೋಳಿಗೆ ಮೊದಲೇ ಬೇಡ.

ಮುದುಕಿ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದಳು. ಕೊನೆಗೆ, "ಸಾಹೇಬ್ರ, ಇದನ್ನೆಲ್ಲ ಹಾಕೋ ಮನಿ ಯಾವ ಓಣ್ಯಾಗ ಅದ ಅಷ್ಟು ಹೇಳ್ರಿ. ನಾ ಅಲ್ಲೇ ಹೋಗಿ ನಿಂದರ್ತೀನಿ" ಎಂದಳು.

ಡಾಕ್ಟರಿಗೆ ಸಿಟ್ಟು ಬಂತು. ಅವರು ಕೆಟ್ಟವರಲ್ಲ. ಮನೆಯಲ್ಲಿ ಉಂಡು ಬೆಳೆದವರು, ಅಷ್ಟೇ. ಬೇಡುವವರ ಪಾತ್ರೆಯಲ್ಲಿ ಏನು ಬೀಳುತ್ತದೆ ಎಂಬುದು ಬೇಡುವವರ ಕೈಯಲ್ಲಿಲ್ಲ ಎಂಬ ಸಣ್ಣ ಮಾತು ಅವರ ಓದಿನಲ್ಲಿ ಎಲ್ಲೂ ಬಂದಿರಲಿಲ್ಲ. ಅಮಾವಾಸ್ಯೆ ಬಂತೆಂದರೆ ಊರಿಗೆ ಊರೇ ಪುಣ್ಯ ಬೇಕಾಗಿ ಸಿಹಿ ನೀಡುತ್ತದೆ. ಒಣ ರೊಟ್ಟಿಗೆ ಪುಣ್ಯ ಕಡಿಮೆ ಎಂದು ಯಾರು ಹೇಳಿದರೋ! ಸಿಹಿ ಬೇಡ ಎಂದ ಭಿಕ್ಷುಕಿಗೆ, "ಸೊಕ್ಕು ನೋಡು ಇಕಿದು" ಎಂದು ಬಾಗಿಲು ಹಾಕುತ್ತಾರೆ. ನಾನೇ ಎರಡು ಓಣಿಗಳಲ್ಲಿ ಮನೆಮನೆಗೆ ಹೋಗಿ, ಇವಳಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ಇಷ್ಟೇ ಹಾಕಿರಿ ತಾಯಂದಿರಾ ಎಂದು ಕೇಳಿಕೊಂಡು ಬಂದೆ. ಹೂಂ ಎಂದರು. ಮುಂದಿನ ಹುಣ್ಣಿಮೆಗೆ ಅವಳ ಪಾತ್ರೆಯಲ್ಲಿ ಮತ್ತೆ ಹೋಳಿಗೆಯೇ ಇತ್ತು.

ಹುಣ್ಣು ತೊಳೆಯುವಾಗ ಅವಳ ಕಥೆ ತಾನಾಗಿ ಬಂತು. ಗಂಡನ ಊರು ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಆಚೆ ಒಂದು ಹಳ್ಳಿ. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯಲ್ಲಿದ್ದಳು. ಕಾಲಿಗೆ ಜಾಲಿಮುಳ್ಳು ಮುರಿದು ಹುಣ್ಣಾಯಿತು. ಹುಣ್ಣು ಒಡೆದರೂ ಇವಳು ಅಯ್ಯೋ ಅನ್ನಲಿಲ್ಲ. ನೋವಿಲ್ಲದ ಹುಣ್ಣು ಎಂದರೆ ದೊಡ್ಡ ರೋಗ, ಅಂದರೆ ಕುಷ್ಠ, ಎಂದು ಊರು ತೀರ್ಮಾನಿಸಿಬಿಟ್ಟಿತು. ದೇವದುರ್ಗದ ಸಂತೆಯಲ್ಲಿ ಒಬ್ಬ ಔಷಧಿಯವನು ಕಬ್ಬಿಣ ಕಾಯಿಸಿ ಸುತ್ತಲೂ ಬರೆ ಹಾಕಿದ. ಅದು ಇನ್ನಷ್ಟು ಕೊಳೆಯಿತು. ಗಾಯದ ಮೇಲೆ ಬರೆ ಎಂಬ ಮಾತು ಎಲ್ಲರೂ ಆಡುತ್ತಾರೆ. ನಾನು ಅದನ್ನು ಕಣ್ಣಾರೆ ಕಂಡದ್ದು ಆ ಕಾಲಿನಲ್ಲಿ. ಒಂದು ಬೆಳಗ್ಗೆ ಮೈದುನ ಅವಳ ಕೌದಿ, ಅಲ್ಯೂಮಿನಿಯಂ ಪಾತ್ರೆ ಎರಡನ್ನೂ ಅಂಗಳದಲ್ಲಿಟ್ಟ.

"ಬಾಯಿಲೇ ಏನೂ ಅನಲಿಲ್ರಿ. ಬಾಗಲಾ ಹಾಕ್ಕೊಂಡ, ಅಷ್ಟ."

ಒಬ್ಬಳೇ ಮಗಳು. ಅವಳನ್ನು ಮಾನ್ವಿ ತಾಲ್ಲೂಕಿನ ಕುರ್ಡಿಗೆ ಕೊಟ್ಟಿತ್ತು. ಮುದುಕಿ ಅಲ್ಲಿಗೂ ಹೋಗಿದ್ದಳು. ಮಗಳ ಅತ್ತೆ ಹೊಸ್ತಿಲ ಒಳಗೇ ನಿಂತು, ಕಾಲು ಮಾಯಲಿ, ಮಾದ ಮೇಲೆ ಬಂದು ಇರಲಿ, ನಾವೇನು ಕಟುಕರಲ್ಲ, ಆದರೆ ಹುಣ್ಣಿನ ಕಾಲು ಒಳಗೆ ಬರಬಾರದು ಎಂದಿದ್ದಳು. ಮುದುಕಿ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ದಿನಾ ಪಟ್ಟಿ ಬಿಚ್ಚಿದಾಗ ಅವಳ ಪ್ರಶ್ನೆ ಒಂದೇ. "ಮಾಯಾಕತ್ತದ ಏನ್ರಿ ಬಾಯಾರ? ಕುರ್ಡಿಗಿ ಹೋಗಬಹುದಾ?"

ನಾನೂ ಹಟಕ್ಕೆ ಬಿದ್ದೆ. ಈ ಕಾಲನ್ನು ಮಾಯಿಸಿ ಆ ಹೊಸ್ತಿಲು ದಾಟಿಸಲೇಬೇಕು ಎಂದುಕೊಂಡೆ.

ಇನ್ಸುಲಿನ್ ಸೀಸೆಗಳು ಮುಂಬಯಿಯಿಂದ ರೈಲಿನಲ್ಲಿ ಬರಬೇಕು. ಯುದ್ಧದಿಂದಾಗಿ ಹಡಗು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ರಾಯಚೂರಿನ ಬಿಸಿಲಿಗೆ ಆ ಔಷಧ ಕೆಡುತ್ತದೆ. ಮಡಕೆಯಲ್ಲಿ ಹಸಿ ಮರಳು ತುಂಬಿ, ಅದರಲ್ಲಿ ಸೀಸೆ ಹುಗಿದು, ಮೇಲೆ ಒದ್ದೆ ಬಟ್ಟೆ ಸುತ್ತಿ ಕತ್ತಲ ಕೋಣೆಯಲ್ಲಿ ಇಡುತ್ತಿದ್ದೆವು. ಬಟ್ಟೆ ಒಣಗದ ಹಾಗೆ ನೋಡಿಕೊಳ್ಳುವುದೇ ಒಂದು ಚಾಕರಿ. ಡಾಕ್ಟರ ಕಟ್ಟಪ್ಪಣೆ ಎರಡು: ಸೀಸೆ ದವಾಖಾನೆಯ ಹೊಸ್ತಿಲು ದಾಟಬಾರದು; ಬಾಗಿಲು ತೆರೆದ ಕೂಡಲೇ, ಉಣ್ಣುವ ಮೊದಲು, ಸೂಜಿ ಹಾಕಬೇಕು. ಪುಸ್ತಕದ ಪ್ರಕಾರ ಅದು ಸರಿಯೇ. ಸೂಜಿ ಹಾಕಿಸಿಕೊಂಡವನು ಮನೆಗೆ ಹೋಗಿ ಸ್ವಲ್ಪ ಹೊತ್ತಿನಲ್ಲಿ ಉಣ್ಣುತ್ತಾನೆ, ಔಷಧವೂ ಅನ್ನವೂ ಕೂಡಿಕೊಳ್ಳುತ್ತವೆ. ಉಣ್ಣದಿದ್ದರೆ ಆ ಔಷಧವೇ ಮೈಯಲ್ಲಿದ್ದ ಸಕ್ಕರೆಯನ್ನೆಲ್ಲ ಹೀರಿ ಮನುಷ್ಯನನ್ನು ಕೆಡವುತ್ತದೆ.

ಮುದುಕಿಯ ಹಾಗೆಯೇ ಮನೆಯಿಲ್ಲದ ಇನ್ನಿಬ್ಬರು ಸೂಜಿಗೆ ಬರುತ್ತಿದ್ದರು. ಒಬ್ಬ ದರ್ಗಾದ ಕಟ್ಟೆಯ ಮೇಲಿನ ಕುರುಡ, ಇನ್ನೊಬ್ಬ ಸರಕು ಹೊರುತ್ತಿದ್ದು ಈಗ ಹೊರಲಾರದ ಹಮಾಲ. ಸೂಜಿ ಹಾಕಿಸಿಕೊಂಡು ಲಗುಬಗೆಯಿಂದ ಓಣಿಗಳಿಗೆ ಹೋಗುವರು. ಯಾವುದೋ ಒಂದು ಬಾಗಿಲಲ್ಲಿ ರೊಟ್ಟಿ ಸಿಕ್ಕೇ ಸಿಗುತ್ತಿತ್ತು. ಹೀಗೆ ಗಾಡಿ ನಡೆದಿತ್ತು. ಹುಣ್ಣಿನ ಕೊಳೆತ ಮಾಂಸ ಕತ್ತರಿಸಿ, ಉಪ್ಪುನೀರಲ್ಲಿ ತೊಳೆದು, ಸಲ್ಫಾ ಪುಡಿ ಉದುರಿಸಿ ಕಟ್ಟುತ್ತಿದ್ದೆ. ತಳದಲ್ಲಿ ಕೆಂಪು ಕಾಣಿಸತೊಡಗಿತು. ಹುಣ್ಣಿನ ಮೇಲೆ ಭಾರ ಬೀಳಬಾರದು ಎಂದಾಗ ಅವಳೇ ಒಂದು ಉಪಾಯ ಮಾಡಿದಳು. ಟೈರಿನ ಚಪ್ಪಲಿಯ ಒಳಗೆ ಕೌದಿಯ ಮೆತ್ತೆ ಹೊಲಿದು, ಹುಣ್ಣು ಬರುವಲ್ಲಿ ಮಾತ್ರ ತೂತು ಬಿಟ್ಟಳು. "ನನ್ನ ಕಾಲಿಗೂ ಒಂದು ಕೌದಿ ಆತು ನೋಡ್ರಿ" ಎಂದು ಮಕ್ಕಳ ಹಾಗೆ ನಕ್ಕಳು.

ಆಗ ಸೂರ್ಯಗ್ರಹಣ ಬಂತು.

ಬೆಳಗಿನ ಗ್ರಹಣ. ಹಿಡಿಯುವ ಮೊದಲು ಸ್ನಾನ, ಬಿಟ್ಟ ಮೇಲೆ ಸ್ನಾನ. ನಡುವೆ ಒಲೆ ಹಚ್ಚುವುದಿಲ್ಲ, ನೀರೂ ಕುಡಿಯುವುದಿಲ್ಲ. ಮಾಡಿಟ್ಟ ಅಡಿಗೆ ಇದ್ದರೆ ಚೆಲ್ಲಿಬಿಡುತ್ತಾರೆ. ಡಾಕ್ಟರೂ ಮಡಿವಂತರು. ದವಾಖಾನೆ ನಸುಕಿನಲ್ಲೇ ತೆರೆದು, ಸೂಜಿಯವರಿಗೆ ಸೂಜಿ ಹಾಕಿ ಬಾಗಿಲು ಮುಚ್ಚಲು ಕಂಪೌಂಡರಿಗೆ ಹೇಳಿದ್ದರು. ನನಗೆ ಯಾರೂ ಹೇಳಿರಲಿಲ್ಲ. ನಾನು ನನ್ನ ಹೊತ್ತಿಗೆ ಬಂದರೆ ಬೀಗ! ಎದುರಿನ ಬೀಡಿ ಅಂಗಡಿಯವನು, "ಎಲ್ಲಾರಿಗೂ ನಸಿಕಿನ್ಯಾಗ ಸೂಜಿ ಆಗ್ಯಾದ್ರಿ. ಗಿರಾಣ ಅಲ್ಲೇನ್ರಿ ಇವತ್ತ" ಎಂದ.

ಸೂಜಿ ಮೈಗೆ ಹೊಕ್ಕಿದೆ. ಊರಲ್ಲಿ ಒಂದು ಒಲೆಯೂ ಉರಿಯುತ್ತಿಲ್ಲ. ಇವರಿಗೆ ರೊಟ್ಟಿ ಕೊಡುವವರು ಯಾರು?

ದರ್ಗಾದ ಕಡೆ ಓಡಿದೆ. ಕುರುಡ ಬದುಕಿಕೊಂಡಿದ್ದ. ಹಿಂದಿನ ದಿನದ ಖಿಚಡಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡಿದ್ದ. ಹಮಾಲ ಅಲ್ಲೇ ಪಕ್ಕದಲ್ಲಿ ಕೂತು ಅದರಲ್ಲೇ ಪಾಲು ತಿಂದಿದ್ದ. ಮುದುಕಿ ಅಲ್ಲಿರಲಿಲ್ಲ, ಟಾಂಗಾ ಚಪ್ಪರದಲ್ಲೂ ಆಗ ಕಾಣಲಿಲ್ಲ. ಓಣಿಗಳನ್ನು ಸುತ್ತಿದೆ. ಎಲ್ಲ ಬಾಗಿಲೂ ಹಾಕಿದ್ದವು. ಬಿಸಿಲಿಗೆ ಬೂದಿ ಬಣ್ಣ ಬಂದಿತ್ತು. ಹುಡುಕಿ ಹುಡುಕಿ ಸ್ಟೇಷನ್ ರಸ್ತೆಗೆ ಮರಳುವ ಹೊತ್ತಿಗೆ ಗ್ರಹಣ ಬಿಟ್ಟಿತು. ಎಲ್ಲ ಕಡೆಯಿಂದ "ಗಿರಾಣ ಬಿಡ್ತು, ದಾನಾ ಮಾಡ್ರೀ" ಎಂಬ ಕೂಗು ಎದ್ದಿತು. ಜನ ಒದ್ದೆ ಮೈಯಲ್ಲೇ ಮೊರದ ತುಂಬ ಜೋಳ, ಉದ್ದು, ಎಳ್ಳು ತುಂಬಿಕೊಂಡು ಹೊರಗೆ ಬಂದರು.

ಮುದುಕಿ ಟಾಂಗಾ ಚಪ್ಪರದ ಕಂಬಕ್ಕೆ ಒರಗಿ ಬಿದ್ದಿದ್ದಳು. ಸೀರೆ ಬೆವರಿಗೆ ತೊಯ್ದು ಹೋಗಿತ್ತು. ಕಣ್ಣು ಅರ್ಧ ತೆರೆದಿದ್ದವು, ಕೈ ಅದುರುತ್ತಿತ್ತು. ಅವಳ ಮುಂದಿನ ಪಾತ್ರೆ ತುಂಬಿ ತುಳುಕುತ್ತಿತ್ತು: ಹಸಿ ಜೋಳ, ಹಸಿ ಉದ್ದು. ನಾನು ಓಡಿ ಹೋಗುತ್ತಿರುವಾಗಲೇ ಒಬ್ಬ ದೊಡ್ಡ ಮನುಷ್ಯ ಬಗ್ಗಿ ಇನ್ನೊಂದು ಬೊಗಸೆ ಜೋಳ ಅದರ ಮೇಲೆ ಸುರಿದು, ಕೈಮುಗಿದು ಹೋದ. ಹಸಿವಿನಿಂದ ಸಾಯುತ್ತಿರುವವಳ ಮುಂದೆ ಧಾನ್ಯದ ಗುಡ್ಡೆ! ಧರ್ಮ ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

"ಮೈಯಾಗ ಏನೋ ಬಂದದ್ರಿ ಆಕಿಗಿ. ಮುಟ್ಟಬ್ಯಾಡ್ರಿ" ಎಂದಳು ಯಾರೋ ಒಬ್ಬಳು.

"ಹೊಟ್ಯಾಗ ಏನೂ ಬಂದಿಲ್ಲ, ಅದಕ್ಕ ಹಿಂಗಾಗ್ಯಾಳ. ಬೆಲ್ಲ ತರ್ರಿ ಯಾರರ!" ಎಂದು ಚೀರಿದೆ.

ಯಾರೂ ಅಲುಗಲಿಲ್ಲ. ಇನ್ನೂ ಮನೆ ತೊಳೆದಿಲ್ಲ, ದೇವರಿಗೆ ದೀಪ ಹಚ್ಚಿಲ್ಲ, ಒಳಗಿನ ವಸ್ತು ಹೇಗೆ ಕೊಡುವುದು? ಆಗ ರಸ್ತೆಯ ಆಚೆಯ ಚಹಾದ ಹೋಟೆಲಿನ ಸಾಬರು ತಾವೇ ಒಂದು ಬಟ್ಟಲು ಸಕ್ಕರೆ, ಒಂದು ಕಪ್ ಚಹಾ ಹಿಡಿದುಕೊಂಡು ಬಂದರು. ಸಕ್ಕರೆ ರೇಷನ್ನಿನಲ್ಲಿ ಸಿಗುತ್ತಿದ್ದ ದಿನಗಳವು. ಹತ್ತಿರ ನಿಂತಿದ್ದವನೊಬ್ಬ, "ಇನ್ನಾ ಗಿರಾಣದ ಮೈಲಿಗಿ ಹೋಗಿಲ್ಲ, ಇಷ್ಟರಾಗ ಒಲಿ ಹಚ್ಚೀರಾ ಸಾಬ್ರ?" ಎಂದ.

"ಗಿರಾಣ ಆಸ್ಮಾನದಾಗ ಹಿಡದಿತ್ತಪಾ, ನನ್ನ ಒಲಿಯಾಗಲ್ಲ. ಸರಿ ಅತ್ತಾಗ" ಎಂದರು ಸಾಬರು.

ನುಂಗಲಾರದವಳ ಬಾಯಿಗೆ ಚಹಾ ಸುರಿದರೆ ಉಸಿರಿಗೆ ಹೋಗುತ್ತದೆ. ಮೊದಲು ಬೆರಳನ್ನು ಸಕ್ಕರೆಯಲ್ಲಿ ಅದ್ದಿ ಅವಳ ದವಡೆಯ ಒಳಗೆ ತಿಕ್ಕಿದೆ. ಮತ್ತೆ ತಿಕ್ಕಿದೆ. ಎಷ್ಟು ಹೊತ್ತಾಯಿತೋ, ನನಗಂತೂ ಒಂದು ಜನ್ಮ ಕಳೆದ ಹಾಗಾಯಿತು. ಗಂಟಲು ಅಲುಗಿತು, ನುಂಗಿದಳು. ಆಮೇಲೆ ಗುಟುಕು ಗುಟುಕಾಗಿ ಚಹಾ ಕುಡಿಸಿದೆ. ಕಣ್ಣು ಬಿಟ್ಟವಳು ನನ್ನನ್ನು ನೋಡಿ, "ಬಾಯಾರ, ಯಾಕ ಅಳಾಕತ್ತೀರಿ?" ಎಂದಳು. ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ.

ಮರುದಿನ ಡಾಕ್ಟರ ಮುಂದೆ ನಿಂತೆ. ಇನ್ನು ಮೇಲೆ ಮನೆಯಿಲ್ಲದವರಿಗೆ ರೊಟ್ಟಿ ಕೈಗೆ ಬಂದ ಮೇಲೆಯೇ ಸೂಜಿ. ರೊಟ್ಟಿ ಎಲ್ಲಿ ಇರುತ್ತದೋ ಸೀಸೆ ಅಲ್ಲಿಗೆ ಹೋಗಬೇಕು ಎಂದೆ. ಅವರು ಸೀಸೆ ಒಡೆದರೆ ಹೇಗೆ, ಬಿಸಿಲಿಗೆ ಕೆಟ್ಟರೆ ಹೇಗೆ, ಬೀದಿಯಲ್ಲಿ ನಿಂತು ಸೂಜಿ ಹಾಕಿದರೆ ವರ್ತಕರು ಏನಂದಾರು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು.

"ಸಾಹೇಬ್ರ, ಬಾಗಲದ ಹೊರಗ ಸತ್ರ ನಮ್ಮ ದವಾಖಾನಿಗಿ ಕೆಟ್ಟ ಹೆಸರು ಬರೂದಿಲ್ಲ, ಹಂಗೇನ್ರಿ?"

"ನಿನ್ನ ನಾಲಿಗಿ ಭಾಳ ಉದ್ದ ಆತು."

"ಹೌದ್ರಿ. ನನ್ನ ನಾಲಿಗಿ ಬೇಕಾದ್ರ ಕತ್ತರಸ್ರಿ. ಸೀಸೆ ಕೊಡ್ರಿ."

ಗ್ರಹಣದ ದಿನ ನಸುಕಿನ ಸೂಜಿಗೆ ಹೇಳಿದವರು ತಾವೇ ಎಂಬುದು ಅವರಿಗೆ ನೆನಪಿತ್ತು. ನಾನು ಅದನ್ನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. "ಒಯ್ಯಿ" ಎಂದರು.

ಬಿಸಿ ರೊಟ್ಟಿ ದಿನವೂ ಒಂದೇ ಹೊತ್ತಿಗೆ, ಹಬ್ಬ, ಅಮಾವಾಸ್ಯೆ, ಗ್ರಹಣ ಯಾವುದಕ್ಕೂ ತಪ್ಪದೆ ಸಿಗುವ ಜಾಗ ಎಲ್ಲಿ? ಯೋಚಿಸಬೇಕಾಗಿಯೇ ಇರಲಿಲ್ಲ. ಸಾಬರ ಹೆಂಡತಿ ಬೆಳಗ್ಗೆ ಹೋಟೆಲಿನ ಹಿಂದುಗಡೆ ತಮ್ಮವರಿಗೆಂದು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕೇಳಿದೆ. ಸಾಬರು ಗಡ್ಡ ನೀವಿಕೊಂಡು, "ನನಗೇನ್ ತಕರಾರು ಇಲ್ಲ ಬಾಯಾರ. ರೊಟ್ಟಿ ಬ್ಯಾಳಿ ನಾ ಹಾಕ್ತೀನಿ. ಆದ್ರ ಆ ಮುದುಕಮ್ಮ ನಮ್ಮ ಕೈಲೇ ಉಣ್ತಾಳ? ನಾಳಿ ಆಕಿ ಮಂದಿ ಬಂದು ನನ್ನ ಕೂಡ ಜಗಳಾ ತಗದಾರು" ಎಂದರು.

ಮೊದಲ ದಿನ ಮುದುಕಿ ರೊಟ್ಟಿಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಳು. ಪಕ್ಕದಲ್ಲಿ ಕುರುಡ ಸೂಜಿ ಹಾಕಿಸಿಕೊಂಡು ಆಗಲೇ ಅರ್ಧ ಮುಗಿಸಿದ್ದ. ಚಹಾದ ಒಲೆಯ ಮೇಲೆ ಪಾತ್ರೆಯಲ್ಲಿ ನನ್ನ ಗಾಜಿನ ಸಿರಿಂಜು ಮತ್ತೆ ಕುದಿಯುತ್ತಿತ್ತು. ನಾನು ಒತ್ತಾಯ ಮಾಡಲಿಲ್ಲ. "ನಿನ್ನ ಮನಸು ಯವ್ವಾ. ಬ್ಯಾಡಂದ್ರ ಬ್ಯಾಡ. ಆದ್ರ ರೊಟ್ಟಿ ಬ್ಯಾಡಂದ್ರ ಸೂಜಿನೂ ಇಲ್ಲ" ಎಂದೆ.

ಅವಳು ಒಂದು ತುತ್ತು ಮುರಿದಳು. "ನನ್ನ ಹೊರಗ ಹಾಕಿದಾಗ ಜಾತಿ ಅಲ್ಲೇ ಒಳಗ ಉಳೀತ್ರಿ ಬಾಯಾರ. ನಾ ಒಬ್ಬಾಕಿನ ಹೊರಗ ಬಂದೀನಿ" ಎಂದು ಬಾಯಿಗಿಟ್ಟಳು.

ಅಲ್ಲಿಂದ ಕೆಲಸ ದಾರಿಗೆ ಬಂತು. ಒಂದು ಸಣ್ಣ ಕುಡಿಕೆಯಲ್ಲಿ ಹಸಿ ಮರಳು, ಅದರೊಳಗೆ ಸೀಸೆ, ಮೇಲೆ ಒದ್ದೆ ಬಟ್ಟೆ. ಅದನ್ನು ಕಂಕುಳಲ್ಲಿ ಹಿಡಿದು ದಿನಾ ರಸ್ತೆ ದಾಟುತ್ತಿದ್ದೆ. ಮೊದಲು ರೊಟ್ಟಿ ತಟ್ಟೆಗೆ ಬೀಳಬೇಕು, ಆಮೇಲೆ ತೊಡೆಗೆ ಸೂಜಿ, ಸ್ವಲ್ಪ ತಡೆದು ಊಟ. ಸಿಹಿ ಇಲ್ಲ, ಉಪವಾಸವೂ ಇಲ್ಲ. ನಳಿಗೆಯ ಬಣ್ಣ ಇಟ್ಟಂಗಿಯಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಇಳಿಯಿತು. ಹುಣ್ಣಿನ ಅಂಚಿನಿಂದ ಹೊಸ ಚರ್ಮ ಒಳಗೆ ಸರಿಯತೊಡಗಿತು. ಮುದುಕಿಯ ಮುಖದಲ್ಲಿ ಕಳೆ ಬಂತು. ಸಾಬರ ಹೆಂಡತಿಗೆ ಕೌದಿ ಹೊಲಿದುಕೊಟ್ಟಳು. "ಮುದುಕಮ್ಮ, ರೊಟ್ಟಿ ಗಟ್ಟಿ ಆತೇನ?" ಎಂದು ಅವಳು ಪರದೆಯ ಹಿಂದಿನಿಂದ ಕೇಳುವುದು, "ನನ್ನ ಹಲ್ಲಕ್ಕಿಂತ ಗಟ್ಟಿ ಆಗ್ಯಾವ ಬೇ" ಎಂದು ಇವಳು ಚೇಷ್ಟೆ ಮಾಡುವುದು ಇವೆಲ್ಲ ದಿನದ ಮಾತಾಗಿದ್ದವು.

ಕುರ್ಡಿಗೆ ಹೇಳಿಕಳಿಸಿದೆವು. ಹತ್ತಿ ಗಾಡಿಯ ಜೊತೆ ಮಗಳು ಗಂಡನ ಸಂಗಡ ಬಂದಳು. ತಾಯಿಯ ಕಾಲು ನೋಡಿ ಕುಣಿದಾಡುವುದೊಂದು ಬಾಕಿ. ಡಾಕ್ಟರ ಮನಸ್ಸು ಈಗ ಮೆತ್ತಗಾಗಿತ್ತು. ಮಗಳು ಸೂಜಿ ಹಾಕುವುದು ಕಲಿತರೆ ಸೀಸೆಯನ್ನು ಬಸ್ಸಿನವನ ಕೈಯಲ್ಲಿ ಕಳಿಸುತ್ತೇನೆ ಎಂದರು. ಬದನೆಕಾಯಿಗೆ ನೀರು ಚುಚ್ಚಿಸಿ ಚುಚ್ಚಿಸಿ ಕಲಿಸಿದೆ. ಜಾಣೆ, ಬೇಗ ಕೈ ಕುದುರಿತು. "ರೊಟ್ಟಿ ಮೊದಲ, ಸೂಜಿ ಆಮ್ಯಾಲ. ಮರೀಬ್ಯಾಡ" ಎಂದರೆ, "ನಮ್ಮವ್ವಗ ನಾ ರೊಟ್ಟಿ ಹಾಕದಂಗ ಇರ್ತೀನೇನ್ರಿ?" ಎಂದಳು. ಅತ್ತೆ ಕರೆದುಕೊಂಡು ಬಾ ಎಂದಿದ್ದಾಳೆ, ಹಿತ್ತಲ ಕೋಣೆ ಸಾರಿಸಿ ಇಟ್ಟಿದ್ದೇವೆ ಎಂದೂ ಹೇಳಿದಳು.

ಹುಣ್ಣು ಪೂರ್ತಿ ಮಾದ ಮೇಲೆ ನಾನೇ ಕರೆದುಕೊಂಡು ಹೊರಟೆ. ಇದ್ದಿಲಿನ ಗ್ಯಾಸಿನ ಬಸ್ಸು ಏದುಸಿರು ಬಿಡುತ್ತ ಸಂಜೆಗೆ ಮಾನ್ವಿ ಮುಟ್ಟಿಸಿತು. ಛತ್ರದಲ್ಲಿ ತಂಗಿದೆವು. ಬೆಳಗ್ಗೆ ಅಳಿಯ ಚಕ್ಕಡಿ ತಂದ. ಹೊರಡುವ ಮುಂಚೆ ಮುದುಕಿಗೆ ಏನಾದರೂ ತಿನ್ನಿಸಿ ಸೂಜಿ ಹಾಕಲೇ ಎಂದೆ. ಬೇಡವೇ ಬೇಡ ಎಂದಳು. "ಇವತ್ತ ನನ್ನ ಮಗಳ ಕೈ ರೊಟ್ಟಿ ನೋಡಿನ ಸೂಜಿ ಹಾಕಿಸ್ಕೋತೀನಿ." ಸ್ಪಿರಿಟ್ಟಿನ ಡಬ್ಬಿಯಲ್ಲಿ ಸಿರಿಂಜು, ಕುಡಿಕೆಯಲ್ಲಿ ಸೀಸೆ ಇಟ್ಟುಕೊಂಡು ನಾನೂ ಹತ್ತಿ ಕೂತೆ. ದಾರಿಯುದ್ದಕ್ಕೂ ಅವಳು ಸೀರೆಯ ಸೆರಗಿನಿಂದ ಕಾಲು ಒರೆಸಿಕೊಳ್ಳುತ್ತಿದ್ದಳು.

ಬೀಗತಿ, ಅಂದರೆ ಮಗಳ ಅತ್ತೆ, ಅಂಗಳದಲ್ಲೇ ಇದ್ದಳು. ದನಿ ದೊಡ್ಡದು, ಮನಸ್ಸು ಸಣ್ಣದೇನೂ ಅಲ್ಲ ಎನ್ನಿಸಿತು. ಮುದುಕಿಯನ್ನು ಕಟ್ಟೆಯ ಮೇಲೆ ಕೂರಿಸಿ, ಅಂಗಾಲನ್ನು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಚಲೋ ಮಾದದ ಬಿಡ್ರಿ. ಏನಂದ್ರೂ ಬಾಯಾರ ಕೈ ದೊಡ್ಡದು. ಏ ಸೊಸಿ, ಕಾಲಿಗಿ ನೀರು ತಾ. ರೊಟ್ಟಿ ಹಚ್ಚು."

ಮಗಳು ತಂಬಿಗೆ ತಂದಳು. ಅತ್ತೆ ಅದನ್ನು ಇಸಿದುಕೊಂಡು ತಾನೇ ನೀರು ಹಾಕಲು ಬಗ್ಗಿದಳು. ಬಗ್ಗಿದವಳು ಸಹಜವಾಗಿಯೇ ಕೇಳಿದಳು: "ಅಲ್ಲ ಬೀಗತಿ, ಇಷ್ಟ್ ದಿನ ಹೊಟ್ಟಿಗಿ ಹೆಂಗ ಮಾಡ್ಕೊಂಡಿ? ಬೇಡಿ ತಿಂದ್ಯಾ?"

"ಮೊದಲ ಬೇಡಿದೆ. ಆಮ್ಯಾಲ ಸ್ಟೇಷನ್ ಕಡೆ ಸಾಬರ ಹೋಟೆಲ್ ಅದ ನೋಡು, ಆ ಯಪ್ಪಾ ಪುಣ್ಯಾತ್ಮ ದಿನಾ ಕುಂಡರಿಸಿ ಉಣಸ್ತಿದ್ದ. ಅವ ಇಲ್ಲದಿದ್ರ ನಾ ಗಿರಾಣದ ದಿನಾನ ಮಣ್ಣಾಗ ಹೋಗ್ತಿದ್ದೆ."

ತಂಬಿಗೆ ಹಾಗೆಯೇ ನಿಂತಿತು. "ದಿನಾ?"

"ದಿನಾ."

ಬೀಗತಿ ನೆಟ್ಟಗೆ ನಿಂತಳು. ತಂಬಿಗೆಯನ್ನು ಹಿಂದಕ್ಕೆ ಒಯ್ದು ಗೋಡೆಯ ಬದಿಗಿಟ್ಟಳು. ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ನನಗೆ ಜಗಳವಾದರೂ ಸಿಗುತ್ತಿತ್ತು. ನನ್ನ ಕಡೆ ತಿರುಗಿ, "ಬೇಡಿ ತಿಂದಿದ್ರ ನಡೀತಿತ್ರಿ ಬಾಯಾರ. ಬೇಡಿದ್ದು ಶಿವಂದು, ಅದಕ್ಕ ಮೈಲಿಗಿ ಇಲ್ಲ. ಒಬ್ಬರ ಮನ್ಯಾಗ ಕುಂತು ಉಂಡ್ರ ಉಂಡವರೂ ಅವರ ಜಾತಿನ ಆಗಿಹೋಗ್ತಾರ" ಎಂದಳು.

ಗ್ರಹಣದ ದಿನ ಪಾತ್ರೆಯ ತುಂಬ ಹಸಿ ಜೋಳ ಸುರಿದವರ ಕಥೆ ಹೇಳಿದೆ. ಆ ರೊಟ್ಟಿ ಇಲ್ಲದಿದ್ದರೆ ಸೂಜಿಯಿಲ್ಲ, ಸೂಜಿ ಇಲ್ಲದಿದ್ದರೆ ನೀನೀಗ ಒತ್ತಿ ನೋಡಿದ ಈ ಕಾಲೇ ಇಲ್ಲ ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿದಳು.

"ನೀವಂದದ್ದು ಖರೆ ಇರಬೇಕ್ರಿ. ಆದ್ರ ನನ್ನ ಮಗಳದು ಇನ್ನಾ ಲಗ್ನ ಆಗಬೇಕು. ನಾಳಿ ಬರೂ ಬೀಗರು ಕಾಲು ನೋಡೂದಿಲ್ಲ, ಇದನ್ನ ಕೇಳ್ತಾರ. ಹುಣ್ಣಾಗಿದ್ರ ಮಾಯಿಸಬಹುದಿತ್ರಿ. ಇದನ್ನ ಹೆಂಗ ಮಾಯಿಸ್ಲಿ?"

ಮುದುಕಿ ಆಗಲೇ ಕಟ್ಟೆಯಿಂದ ಇಳಿದು ಕೌದಿ ಮಡಚುತ್ತಿದ್ದಳು. ಅಳಿಯ ಎತ್ತು ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತುಹೋಗಿತ್ತು. ನಾವಿಬ್ಬರೂ ನಡೆದೆವು.

"ಒಂದು ಸುಳ್ಳು ಹೇಳಿದ್ರ ಏನ್ ಗಂಟು ಹೋಗ್ತಿತ್ತು ಯವ್ವಾ?" ಎಂದು ಅವಳ ಮೇಲೇ ಹರಿಹಾಯ್ದೆ.

"ಉಣಿಸಿದವನ ಹೆಸರು ನುಂಗಲೇನ್ರಿ?" ಎಂದಳು. ಅಷ್ಟೇ.

ಊರ ಹೆಬ್ಬಾಗಿಲಾದ ಅಗಸಿ ಮುಟ್ಟುವ ಹೊತ್ತಿಗೆ ಹಿಂದಿನಿಂದ ಮಗಳು ಓಡಿ ಬಂದಳು. ಸೆರಗಿನಲ್ಲಿ ಬಿಸಿ ರೊಟ್ಟಿ ಸುತ್ತಿಕೊಂಡಿದ್ದಳು. ಅವಳನ್ನು ಕಂಡೊಡನೆ ಮುದುಕಿಯ ಕೈ ರೂಢಿಯಿಂದ ಪಾತ್ರೆಯನ್ನು ಮುಂದೆ ಹಿಡಿಯಿತು. ಮಗಳ ಕೈಯೂ ರೂಢಿಯಿಂದ, ಬೇಡುವವರಿಗೆ ಹಾಕುವ ಹಾಗೆ, ಮೇಲಿನಿಂದ ರೊಟ್ಟಿಯನ್ನು ಪಾತ್ರೆಗೆ ಬಿಟ್ಟಿತು. ಆಮೇಲೆ ಇಬ್ಬರೂ ಆ ಪಾತ್ರೆಯನ್ನೇ ನೋಡುತ್ತ ನಿಂತರು.

ರೊಟ್ಟಿ ಬಂದಾಗಿತ್ತು. ನಾನು ಕುಡಿಕೆ ಬಿಚ್ಚಿ, ಸಿರಿಂಜಿಗೆ ಔಷಧ ಎಳೆದು, ಮಗಳ ಕೈಗೆ ನೀಡಿದೆ. "ಹಾಕು. ಕಲ್ತೀಯಲ್ಲ. ಒಂದು ಸಲ ಹಾಕು ನಿಮ್ಮವ್ವಗ."

ಅವಳು ಹಿಂತಿರುಗಿ ಓಣಿಯ ಕಡೆ ನೋಡಿದಳು. ಬಾಗಿಲಲ್ಲಿ ಯಾರೋ ನಿಂತಿದ್ದರು. ಎರಡೂ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡಳು. "ನೀವ ಹಾಕ್ರಿ ಬಾಯಾರ" ಎಂದು ಅಳುತ್ತ ಅಳುತ್ತ ಹೊರಟುಹೋದಳು.

ನಾನೇ ಹಾಕಿದೆ. ಮುದುಕಿ ಅಗಸಿಯ ಕಟ್ಟೆಯ ಮೇಲೆ ಕೂತು ರೊಟ್ಟಿಯನ್ನು ಒಂದು ಚೂರೂ ಬಿಡದೆ ತಿಂದಳು. ಪಾತ್ರೆ ಒರೆಸಿ ಕೌದಿಯೊಳಗೆ ಕಟ್ಟಿಕೊಂಡಳು. ಬಸ್ಸಿನ ರಸ್ತೆ ದೂರವಿತ್ತು, ಬಿಸಿಲು ಏರಿತ್ತು. ಟೈರಿನ ಚಪ್ಪಲಿ ಮೆಟ್ಟಿ ನನಗಿಂತ ಮುಂದೆ ಮುಂದೆ ನಡೆದಳು. ಸ್ವಲ್ಪ ದೂರ ಹೋದ ಮೇಲೆ ನಿಂತು, ತನ್ನ ಕಾಲನ್ನೊಮ್ಮೆ ನೋಡಿಕೊಂಡಳು.

"ಕಾಲು ಚಲೋ ಮಾಡಿದ್ರಿ ಬಾಯಾರ" ಎಂದಳು. "ಹುಣ್ಣಿನ ಕಾಲಾಗಿದ್ರ, ಇಷ್ಟು ದೂರ ತಿರುಗಿ ನಡಿಯಾಕ ಆಗ್ತಿದ್ದಿಲ್ಲ."